ಟ್ಯಾಬ್ ತಗೊಳ್ಳಲಾ, ಇ-ರೀಡರ್ ತಗೊಳ್ಳಲಾ? ಕನ್ನಡ ಓದುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ. ದಿನಾ ಚಿಗರಿ ಬಸ್ಸಿನಲ್ಲಿ ಹೋಗಿ ಬರುವಾಗ ಕೈಯಲ್ಲಿ ಇ-ರೀಡರ್ ಇರುತ್ತದೆ. ಪಕ್ಕದಲ್ಲಿ ಕೂತವರು ಒಂದೆರಡು ನಿಲ್ದಾಣ ಸುಮ್ನಿದ್ದು, ಆಮೇಲೆ ಕೇಳೇ ಕೇಳುತ್ತಾರೆ: "ಇದೇನ್ರೀ, ಮೊಬೈಲೋ ಪಾಟಿಯೋ?" ಅಲ್ಲಿಂದ ಮಾತು ಶುರುವಾದರೆ ಇಳಿಯುವವರೆಗೂ ಮುಗಿಯುವುದಿಲ್ಲ. ನಮ್ಮ ಮನೆಯಲ್ಲಿ ಒಂದು ಇ-ರೀಡರ್, ಒಂದು 10 ಇಂಚಿನ ಟ್ಯಾಬ್ ಎರಡೂ ಇವೆ, ಎರಡನ್ನೂ ವರ್ಷಗಟ್ಟಲೆ ಬಳಸಿದ್ದೇವೆ. ಬಸ್ಸಿನಲ್ಲಿ, ಆಫೀಸಿನಲ್ಲಿ, ನೆಂಟರ ಮನೆಯಲ್ಲಿ ಜನ ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಇಂಗ್ಲಿಷಿನಲ್ಲಿ ಇಂಥ ಬರಹಗಳು ಬೇಕಾದಷ್ಟಿವೆ, ಆದರೆ ಕನ್ನಡ ಓದುವವರಿಗೆ ಎಲ್ಲಿ ತೊಡಕಾಗುತ್ತದೆ ಅನ್ನುವುದನ್ನು ಅವು ಹೇಳುವುದಿಲ್ಲ. ನಮಗೆ ಬೇಕಾಗಿರುವುದು ಅದೇ.

ಎರಡೂ ಸ್ಕ್ರೀನೇ ಅಲ್ವಾ? ಏನು ಫರಕು?

ಟ್ಯಾಬ್ ಅಂದರೆ ದೊಡ್ಡ ಮೊಬೈಲ್, ಇ-ರೀಡರ್ ಅಂದರೆ ಪುಸ್ತಕ ಓದುವುದಕ್ಕೇ ಮಾಡಿದ ಸಾಧನ. ಟ್ಯಾಬಿನ ಪರದೆ ತಾನೇ ಬೆಳಗುತ್ತದೆ, ಆ ಬೆಳಕು ನೇರ ನಮ್ಮ ಕಣ್ಣಿಗೆ ಬರುತ್ತದೆ. ಇ-ರೀಡರಿನ ಪರದೆ ಬೇರೆ ಜಾತಿಯದು, ಅದಕ್ಕೆ ಇ-ಇಂಕ್ ಅನ್ನುತ್ತಾರೆ. ಪರದೆಯೊಳಗೆ ಕೂದಲೆಳೆಯಷ್ಟು ಸಣ್ಣ ಗುಳಿಗೆಗಳು ಲಕ್ಷಗಟ್ಟಲೆ ಇರುತ್ತವೆ, ಒಂದೊಂದರಲ್ಲೂ ಕಪ್ಪು ಕಣ, ಬಿಳಿ ಕಣ. ಕರೆಂಟ್ ಕೊಟ್ಟಾಗ ಒಂದು ಬಣ್ಣ ಮೇಲೆ ಬರುತ್ತದೆ, ಇನ್ನೊಂದು ಕೆಳಗೆ ಹೋಗುತ್ತದೆ. ಒಮ್ಮೆ ಕೂತ ಕಣ ಕರೆಂಟ್ ಇಲ್ಲದೆಯೂ ಅಲ್ಲೇ ಕೂತಿರುತ್ತದೆ. ಹಾಗಾಗಿ ಪುಟ ತಿರುಗಿಸುವಾಗ ಮಾತ್ರ ಪರದೆಗೆ ಬ್ಯಾಟರಿ ಬೇಕು, ಬಿಸಿಲಿನಲ್ಲಿ ಅಕ್ಷರ ಕಾಗದದ ಮೇಲಿನ ಹಾಗೇ ಕಾಣುತ್ತದೆ. ಕತ್ತಲಲ್ಲಿ ಓದುವುದಕ್ಕೆ ಅಂಚಿನಲ್ಲಿ ಸಣ್ಣ ದೀಪಗಳಿರುತ್ತವೆ, ಅವುಗಳ ಬೆಳಕು ಪುಟದ ಮೇಲೆ ಬೀಳುತ್ತದೆ.

ಇದೇನು ನಿನ್ನೆ ಮೊನ್ನೆ ಬಂದದ್ದಲ್ಲ. ಇ-ಇಂಕ್ ಕಂಪನಿ ಶುರುವಾದದ್ದು 1997ರಲ್ಲಿ. ಆ ಪರದೆಯ ಮೊದಲ ರೀಡರನ್ನು ಸೋನಿ 2004ರಲ್ಲಿ ಜಪಾನಿನಲ್ಲಿ ಮಾರಿತು, ಅಮೆಜಾನಿನ ಇ-ರೀಡರ್ ಕಿಂಡಲ್ 2007ರಲ್ಲಿ ಅಮೆರಿಕದಲ್ಲಿ ಬಂತು.

ಕನ್ನಡ ಪುಸ್ತಕ ಇ-ರೀಡರಿನಲ್ಲಿ ಓದಬಹುದಾ?

ಇದಕ್ಕೆ ಉತ್ತರ ಸಿಗದೆ ದುಡ್ಡು ಹಾಕಬೇಡಿ. ನನ್ನನ್ನು ಕೇಳಿ ಕಿಂಡಲ್ ಕೊಂಡವರು ಇಬ್ಬರು, ಕೇಳದೆ ಕೊಂಡವರು ಮೂವರು. ಆ ಮೂವರಲ್ಲಿ ಇಬ್ಬರ ಕಿಂಡಲ್ ಈಗ ಕಪಾಟಿನಲ್ಲಿದೆ, ಯಾಕೆಂದರೆ ಅವರು ಓದುವುದು ಬರೀ ಕನ್ನಡ.

ಆಗುವುದು ಹೀಗೆ. ಅಮೆಜಾನ್ ತನ್ನ ಕಿಂಡಲ್ ಅಂಗಡಿಯಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳನ್ನು 2016ರ ಡಿಸೆಂಬರಿನಲ್ಲಿ ಶುರು ಮಾಡಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. ಇವತ್ತು ಕನ್ನಡದ ಇ-ಪುಸ್ತಕ ಬೇಕೆಂದರೆ ನಾವು ಹೆಚ್ಚಾಗಿ ಹೋಗುವುದು ಗೂಗಲ್ ಪ್ಲೇ ಬುಕ್ಸ್, ಮೈಲ್ಯಾಂಗ್ ತರಹದ ಆ್ಯಪ್‌ಗಳಿಗೆ. ಆ್ಯಪ್ ಹಾಕಬೇಕೆಂದರೆ ಮೊಬೈಲ್ ಇಲ್ಲವೇ ಟ್ಯಾಬ್ ಬೇಕು. ಕಿಂಡಲಿನಲ್ಲಿ ಬೇರೆ ಆ್ಯಪ್ ಹಾಕಲು ಬರುವುದಿಲ್ಲ. ಅಂದರೆ ನೀವು ದುಡ್ಡು ಕೊಟ್ಟು ಕೊಂಡ ಕನ್ನಡ ಪುಸ್ತಕವೇ ನೀವು ದುಡ್ಡು ಕೊಟ್ಟು ಕೊಂಡ ರೀಡರಿನಲ್ಲಿ ತೆರೆಯದೇ ಹೋಗಬಹುದು.

ಎರಡನೆಯ ತೊಡಕು ಒತ್ತಕ್ಷರ. ಇಂಗ್ಲಿಷಿನಲ್ಲಿ ಅಕ್ಷರ ಒಂದರ ಪಕ್ಕ ಒಂದು ಕೂತರೆ ಮುಗೀತು. ನಮ್ಮಲ್ಲಿ ಒತ್ತು ಕೆಳಗೆ ಹೋಗಬೇಕು, ಅರ್ಕಾವತ್ತು ಮುಂದಿನ ಅಕ್ಷರದ ಬಲಕ್ಕೆ ಬರಬೇಕು, ಈ ಜೋಡಣೆ ಮಾಡುವ ಸಾಫ್ಟ್‌ವೇರ್ ರೀಡರಿನಲ್ಲಿ ಇರಬೇಕು. ಇಲ್ಲದಿದ್ದರೆ ಫಾಂಟ್ ಎಷ್ಟು ಚೆಂದದ್ದು ಹಾಕಿದರೂ ಸಾಲು ಮುರಿದು ಕೂರುತ್ತದೆ. ಪರೀಕ್ಷೆ ಮಾಡುವುದಕ್ಕೆ ನಮ್ಮ ಊರಿನ ಹೆಸರೇ ಸಾಕು. "ಹುಬ್ಬಳ್ಳಿ" ಅನ್ನುವ ಪದದಲ್ಲಿ ಎರಡು ಒತ್ತು ಇವೆ. ಸರಿಯಾದ ರೀಡರಿನಲ್ಲಿ ಅದು ಹುಬ್ಬಳ್ಳಿ ಅಂತಲೇ ಕಾಣುತ್ತದೆ, ಕನ್ನಡ ಜೋಡಿಸಲು ಬರದ ರೀಡರಿನಲ್ಲಿ "ಹುಬ್‌ಬಳ್‌ಳಿ" ಆಗುತ್ತದೆ. ಅದರ ಜೊತೆಗೆ "ಸ್ತ್ರೀ", "ರಾಷ್ಟ್ರ", "ಸೂರ್ಯ" ಈ ಮೂರನ್ನೂ ಒಂದು ಸಣ್ಣ ಫೈಲಿನಲ್ಲಿ ಬರೆದು ಇ-ಪಬ್ (ಇ-ಪುಸ್ತಕದ ಫೈಲಿನ ಒಂದು ಬಗೆ) ಮಾಡಿ ಹಾಕಿ ನೋಡಿ. ನಾಲ್ಕೂ ಸರಿ ಬಂದರೆ ಇಡೀ ಕಾದಂಬರಿ ಸರಿ ಬರುತ್ತದೆ ಅಂತ ಧೈರ್ಯ ಮಾಡಬಹುದು. ಗೆಳೆಯರ ಹತ್ತಿರ ಅದೇ ಮಾಡೆಲ್ ಇದ್ದರೆ ಕೊಳ್ಳುವ ಮೊದಲೇ ಈ ಕೆಲಸ ಮಾಡಿ. "ಕಿಂಡಲಿನಲ್ಲಿ ಕನ್ನಡ ಬರುತ್ತದೆ" ಅಂತ ಯಾರೋ ಹೇಳಿದ್ದು ಅವರ ಮಾಡೆಲ್ಲಿಗೆ, ಅವರ ಫೈಲಿಗೆ ಹೇಳಿದ್ದು.

ಆದ್ದರಿಂದ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಓದುವುದರಲ್ಲಿ ಮುಕ್ಕಾಲು ಪಾಲು ಕನ್ನಡ ಇದ್ದರೆ ಟ್ಯಾಬ್. ಮುಕ್ಕಾಲು ಪಾಲು ಇಂಗ್ಲಿಷ್ ಕಾದಂಬರಿ, ಇತಿಹಾಸ, ಆತ್ಮಕಥೆ ಇದ್ದರೆ ಇ-ರೀಡರ್, ಕಣ್ಣು ಮುಚ್ಚಿ ತಗೊಳ್ಳಿ.

ನನ್ನ ಹತ್ತಿರ ಇರುವುದೆಲ್ಲ ಪಿಡಿಎಫ್. ಯಾವುದು ಸರಿ?

ಟ್ಯಾಬ್. ಯಾಕೆ ಅಂತ ಅಳತೆ ಹಿಡಿದೇ ಹೇಳುತ್ತೇನೆ.

6 ಇಂಚಿನ ಇ-ರೀಡರಿನ ಪರದೆ ಸುಮಾರು 9 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಎತ್ತರ. ಎ4 ಹಾಳೆ 21 ಸೆಂಟಿಮೀಟರ್ ಅಗಲ, 29.7 ಸೆಂಟಿಮೀಟರ್ ಎತ್ತರ. ಆ ಹಾಳೆಯನ್ನು ಈ ಪರದೆಯಲ್ಲಿ ತುಂಬಿದರೆ 12 ಪಾಯಿಂಟಿನ ಅಕ್ಷರ ಸುಮಾರು 5 ಪಾಯಿಂಟ್ ಆಗುತ್ತದೆ. ಇಂಗ್ಲಿಷಾದರೆ ಹೇಗೋ ಕಣ್ಣು ಕಿರಿದು ಮಾಡಿ ಓದಬಹುದು, ಕನ್ನಡದ ಒತ್ತಕ್ಷರ ಆ ಗಾತ್ರದಲ್ಲಿ ಇರುವೆ ತಲೆಯಷ್ಟಾಗುತ್ತದೆ. ಹಿಗ್ಗಿಸಿದರೆ ಒಂದು ಸಾಲು ಓದಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆಯಬೇಕು, ಇ-ಇಂಕ್ ಪರದೆ ನಿಧಾನ, ನಾಲ್ಕು ಪುಟಕ್ಕೇ ಬೇಸರ ಬರುತ್ತದೆ.

ಈಗ ಕನ್ನಡ ಪುಸ್ತಕದ ಅಳತೆ ನೋಡಿ. ಒಳಪುಟದಲ್ಲಿ "ಡೆಮಿ 1/8" ಅಂತ ಇರುತ್ತದಲ್ಲ, ಆ ಪುಟ ಸುಮಾರು 14 ಸೆಂಟಿಮೀಟರ್ ಅಗಲ, ಇಪ್ಪತ್ತೊಂದೂವರೆ ಎತ್ತರ. 10 ಇಂಚಿನ ಟ್ಯಾಬನ್ನು ಉದ್ದಕ್ಕೆ ಹಿಡಿದರೆ ಹೆಚ್ಚು ಕಡಿಮೆ ಅದೇ ಅಳತೆ. ಸ್ಕ್ಯಾನ್ ಮಾಡಿದ ಹಳೆ ಕನ್ನಡ ಪುಸ್ತಕ ಅದರಲ್ಲಿ ಪುಸ್ತಕದಷ್ಟೇ ದೊಡ್ಡದಾಗಿ ಕಾಣುತ್ತದೆ. ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಭಾರತದ ಡಿಜಿಟಲ್ ಲೈಬ್ರರಿಯ ಸ್ಕ್ಯಾನ್ ಪುಸ್ತಕಗಳಿವೆಯಲ್ಲ, ಅಂಥವನ್ನು ಓದುವವರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. 8 ಇಂಚಿನದೂ ನಡೆಯುತ್ತದೆ, ಅಂಚಿನ ಬಿಳಿ ಜಾಗ ಕತ್ತರಿಸಿ ತೋರಿಸುವ ಪಿಡಿಎಫ್ ಆ್ಯಪ್ ಹಾಕಿಕೊಂಡರೆ.

ನನ್ನ ಅಣ್ಣನ ಮಗಳು ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಕೆಎಎಸ್‌ಗೆ ಓದುತ್ತಿದ್ದಾಳೆ. "ಕಾಕಾ, ಎಲ್ಲಾರೂ ಕಣ್ಣಿಗೆ ಕಿಂಡಲ್ ಛಲೋ ಅಂತಾರ, ಅದನ್ನ ಕೊಡಸು" ಅಂತ ಕೇಳಿದಳು. ಅವಳು ಓದುವುದನ್ನೆಲ್ಲ ಒಂದು ಕಡೆ ಹಾಕಲು ಹೇಳಿದೆ. ಎನ್‌ಸಿಇಆರ್‌ಟಿ ಪಠ್ಯಗಳ ಪಿಡಿಎಫ್, ರಾಜ್ಯದ ಪಠ್ಯಪುಸ್ತಕಗಳ ಪಿಡಿಎಫ್, ಕೋಚಿಂಗ್‌ನವರ ನೋಟ್ಸ್, ಹಳೆ ಪ್ರಶ್ನೆಪತ್ರಿಕೆ, ಭೂಪಟ, ವಿಡಿಯೊ ಪಾಠ. ಇ-ರೀಡರಿಗೆ ಹೊಂದುವ ಫೈಲು ಒಂದೂ ಇರಲಿಲ್ಲ. ಟ್ಯಾಬ್ ಕೊಡಿಸಿದೆವು, ಜೊತೆಗೆ ಪೆನ್ನು. ಈಗ ಪಿಡಿಎಫ್ ಮೇಲೇ ಗೆರೆ ಎಳೆದು ಬರೆದುಕೊಳ್ಳುತ್ತಾಳೆ. ಅದಕ್ಕೆ ವಾಟ್ಸ್‌ಆ್ಯಪ್ ಹಾಕಬೇಡ ಅಂತ ಒಂದೇ ಮಾತು ಹೇಳಿದ್ದೆ, ಇವತ್ತಿಗೂ ಹಾಕಿಲ್ಲ.

ನುಡಿಯಲ್ಲಿ ಟೈಪ್ ಮಾಡಿದ ಹಳೆ ಫೈಲುಗಳು ತೆರೆಯುತ್ತವಾ?

ತೆರೆಯುತ್ತವೆ, ಓದಲು ಬರುವುದಿಲ್ಲ. ನುಡಿ, ಬರಹ ಎರಡೂ ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರುಗಳು. ಅವುಗಳ ಹಳೆ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲಿನ ಒಳಗಿರುವುದು ಇಂಗ್ಲಿಷಿನ ಸಂಕೇತಗಳು, ಮೇಲೆ ಕನ್ನಡದ ವೇಷ ಅಷ್ಟೇ. ಆ ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ. ಪಿಡಿಎಫ್ ಆಗಿದ್ದರೆ ಕಣ್ಣಿಗೆ ಸರಿಯಾಗೇ ಕಾಣುತ್ತದೆ, ಆದರೆ ಅದರಲ್ಲಿ ಪದ ಹುಡುಕಲು ಆಗುವುದಿಲ್ಲ, ಗಟ್ಟಿಯಾಗಿ ಓದಿಸಲು ಆಗುವುದಿಲ್ಲ, ಇ-ಪಬ್ ಮಾಡಿದರೆ ಅಲ್ಲೋಲ ಕಲ್ಲೋಲ. ಕಂಡುಹಿಡಿಯುವುದು ಸುಲಭ: ಒಂದು ಸಾಲು ಕಾಪಿ ಮಾಡಿ ವಾಟ್ಸ್‌ಆ್ಯಪಿನಲ್ಲಿ ಪೇಸ್ಟ್ ಮಾಡಿ. ಕನ್ನಡವೇ ಬಂದರೆ ಅದು ಯುನಿಕೋಡ್, ಅಂದರೆ ಕನ್ನಡಕ್ಕೇ ಮೀಸಲಾದ ಸಂಕೇತಗಳು. ಕಲಸುಮೇಲೋಗರ ಬಂದರೆ ಮೊದಲು ಯುನಿಕೋಡಿಗೆ ಬದಲಿಸಿ, ಆಮೇಲೆ ಕ್ಯಾಲಿಬರ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಇ-ಪಬ್ ಮಾಡಿ.

ಪ್ರಯಾಣಕ್ಕೆ ಯಾವುದು ಒಳ್ಳೆಯದು?

ಪ್ರಯಾಣದಲ್ಲಿ ನಾನು ಇ-ರೀಡರಿನ ಪಕ್ಷ. ತೂಕ ನೋಡಿ: ಸಾದಾ ಕಿಂಡಲ್ 158 ಗ್ರಾಂ, ಅದಕ್ಕಿಂತ ಮೇಲಿನ ಮಾಡೆಲ್ ಪೇಪರ್‌ವೈಟ್ (2024ರದು) 211 ಗ್ರಾಂ. 10ನೇ ಪೀಳಿಗೆಯ ಐಪ್ಯಾಡ್ 477 ಗ್ರಾಂ, ಅಂದರೆ ಹೆಚ್ಚು ಕಡಿಮೆ ಅರ್ಧ ಕೆಜಿ ಪೇಢೆ. ಚಿಗರಿಯಲ್ಲಿ ನಿಂತುಕೊಂಡು ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಅರ್ಧ ಕೆಜಿ ಪೇಢೆ ಹಿಡಿದು ನವಲೂರಿನಿಂದ ಉಣಕಲ್‌ವರೆಗೆ ಬನ್ನಿ, ಮಣಿಕಟ್ಟೇ ಉತ್ತರ ಹೇಳುತ್ತದೆ. ಹುಬ್ಬಳ್ಳಿ ಸ್ಟೇಷನ್ನಿನ ಉದ್ದದ ಪ್ಲಾಟ್‌ಫಾರ್ಮ್ 1,507 ಮೀಟರ್. ನಮ್ಮ ಬೋಗಿ ಆ ತುದಿಗೆ ಬಂದರೆ ಚೀಲದಲ್ಲಿರುವ ಒಂದೊಂದು ಗ್ರಾಮೂ ಲೆಕ್ಕಕ್ಕೆ ಬರುತ್ತದೆ.

ಬ್ಯಾಟರಿಯ ಲೆಕ್ಕ ಸ್ವಲ್ಪ ಬಿಡಿಸಿ ನೋಡಬೇಕು. ಪೇಪರ್‌ವೈಟಿಗೆ "12 ವಾರ" ಅಂತ ಹೇಳುವುದು ದಿನಕ್ಕೆ ಅರ್ಧ ಗಂಟೆ ಓದಿದರೆ ಅನ್ನುವ ಲೆಕ್ಕದಲ್ಲಿ. 84 ದಿನ, ದಿನಕ್ಕೆ ಅರ್ಧ ಗಂಟೆ, ಒಟ್ಟು 42 ಗಂಟೆ ಓದು. ಐಪ್ಯಾಡಿಗೆ ಆ್ಯಪಲ್ ಹೇಳುವುದು 10 ಗಂಟೆ. ಹೇಗೆ ನೋಡಿದರೂ ನಾಲ್ಕು ಪಟ್ಟು ಫರಕು. ಧಾರವಾಡದಿಂದ ಬೆಂಗಳೂರಿಗೆ ವಂದೇ ಭಾರತ್ 2023ರ ಜೂನ್ ತಿಂಗಳಿಂದ ಓಡುತ್ತಿದೆ, ಅದರಲ್ಲಿ ಸೀಟಿಗೇ ಪ್ಲಗ್ ಇದೆ, ಟ್ಯಾಬ್ ಒಯ್ದರೂ ಚಿಂತೆ ಇಲ್ಲ. ರಾತ್ರಿ ರೈಲಿನ ಸ್ಲೀಪರ್ ಬೋಗಿ ಹಾಗಲ್ಲ. ಪ್ಲಗ್ಗಿನ ಸುತ್ತ ನಾಲ್ಕು ಮೊಬೈಲು ಕಾದಿರುತ್ತವೆ, ಮೇಲಾಗಿ ಬೆಂಕಿಯ ಭಯಕ್ಕೆ ರಾತ್ರಿ 11ರಿಂದ ಬೆಳಗಿನ 5ರವರೆಗೆ ಚಾರ್ಜಿಂಗ್ ಬಂದ್ ಮಾಡುವ ನಿಯಮ ಬೇರೆ ಇದೆ.

ನೆಟ್‌ವರ್ಕ್ ಮಾತು ಎರಡಕ್ಕೂ ಒಂದೇ. ಗೋವಾಕ್ಕೆ ಲೋಂಡಾ ದಾಟಿ ಕ್ಯಾಸಲ್ ರಾಕ್, ದೂಧಸಾಗರ ಕಡೆ ಹೋದರೆ ಘಟ್ಟ, ಸುರಂಗ, ಸಿಗ್ನಲ್ ಸಿಗುವುದು ಕಷ್ಟ. ಹೊರಡುವ ಹಿಂದಿನ ದಿನವೇ ಪುಸ್ತಕ ಇಳಿಸಿಕೊಂಡು, ಏರೋಪ್ಲೇನ್ ಮೋಡ್ ಹಾಕಿ, ಒಮ್ಮೆ ತೆರೆದು ನೋಡಿ. ಮುಖಪುಟ ಕಂಡ ಮಾತ್ರಕ್ಕೆ ಪುಸ್ತಕ ಇಳಿದಿದೆ ಅಂದುಕೊಳ್ಳಬೇಡಿ, ನಡುವಿನ ಒಂದು ಪುಟಕ್ಕೆ ಹೋಗಿ ನೋಡಿ.

ಮಕ್ಕಳು ಜೊತೆಗಿದ್ದರೆ ನಾನು ಮೇಲೆ ಹೇಳಿದ್ದೆಲ್ಲ ಬಿಡಿ, ಟ್ಯಾಬ್ ಒಯ್ಯಿರಿ.

ವಿಮಾನದಲ್ಲಿ?

ಎರಡನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಿ. ಪವರ್ ಬ್ಯಾಂಕ್ ಅಂತೂ ಚೆಕ್-ಇನ್ ಸಾಮಾನಿನಲ್ಲಿ ಹಾಕುವ ಹಾಗೇ ಇಲ್ಲ.

ನಮ್ಮ ಬಿಸಿಲು, ಮಳೆ ತಡೆಯುತ್ತವಾ?

ಏಪ್ರಿಲ್, ಮೇ ತಿಂಗಳು ಗದಗ, ಹುಬ್ಬಳ್ಳಿ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಆ್ಯಪಲ್ ತನ್ನ ಐಪ್ಯಾಡಿಗೆ ಹೇಳುವ ಮಿತಿ 35 ಡಿಗ್ರಿ, ಕಿಂಡಲಿಗೂ ಅಷ್ಟೇ. ನೆರಳಿನಲ್ಲಿ ಓದಿದರೆ ಏನೂ ಆಗುವುದಿಲ್ಲ. ಮುಚ್ಚಿದ ಕಾರಿನ ಮುಂದಿನ ಗಾಜಿನ ಕೆಳಗೆ ಬಿಟ್ಟು ಮದುವೆ ಊಟಕ್ಕೆ ಹೋದರೆ ಮಾತ್ರ ಬ್ಯಾಟರಿ ಹಾಳಾಗುತ್ತದೆ. ಟ್ಯಾಬ್ ಬಿಸಿಯಾದರೆ ತಾನೇ ಬೆಳಕು ತಗ್ಗಿಸಿಕೊಳ್ಳುತ್ತದೆ, ಬಿಸಿಲಿನಲ್ಲಿ ಮೊದಲೇ ಕಾಣದ ಪರದೆ ಆಗ ಪೂರ್ತಿ ಕಪ್ಪು ಕನ್ನಡಿ. ಅಂಗಳದಲ್ಲಿ, ಹೊಲದ ಬದುವಿನಲ್ಲಿ, ಉಣಕಲ್ ಕೆರೆ ದಂಡೆಯಲ್ಲಿ ಓದುವವರಿಗೆ ಇ-ರೀಡರ್ ಬಿಟ್ಟರೆ ಬೇರೆ ದಾರಿ ಇಲ್ಲ.

ಧಾರವಾಡದ ಜಿಟಿಜಿಟಿ ಮಳೆಗೆ ಬಂದರೆ, ಪೇಪರ್‌ವೈಟಿಗೆ 2018ರಿಂದ ಐಪಿಎಕ್ಸ್8 ಇದೆ, ಅಂದರೆ 2 ಮೀಟರ್ ಸಿಹಿನೀರಿನಲ್ಲಿ 60 ನಿಮಿಷ ಇದ್ದರೂ ತಡೆಯಬೇಕು. ಸಾದಾ ಕಿಂಡಲಿಗೆ ಅದಿಲ್ಲ. ಕಡಿಮೆ ಬೆಲೆಯ ಟ್ಯಾಬ್‌ಗಳಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ನೀರು ಬಿದ್ದರೆ ಚಾರ್ಜಿಗೆ ಹಾಕುವ ಆತುರ ಬೇಡ, ಮೊದಲು ಪೂರ್ತಿ ಒಣಗಲಿ.

ಇ-ರೀಡರ್ ಗಟ್ಟಿ ಇರುತ್ತದಾ? ಪ್ಲಾಸ್ಟಿಕ್ ತರಹ ಕಾಣುತ್ತದಲ್ಲ.

ಕಾಣುವುದು ಹಾಗೆ. ಒಳಗೆ ಹೆಚ್ಚಿನವುಗಳಲ್ಲಿ ತೆಳ್ಳಗಿನ ಗಾಜಿನ ಹಾಳೆ ಇರುತ್ತದೆ, ಇ-ಇಂಕ್ ಪದರ ಅದರ ಮೇಲೆ ಕೂತಿರುತ್ತದೆ. ನನ್ನ ಮೊದಲ ರೀಡರ್ ಹೋದದ್ದು ಗದಗಿನಿಂದ ಬರುವಾಗ. ಮದುವೆ ಮುಗಿಸಿಕೊಂಡು ಬಸ್ ಹತ್ತಿದ್ದೆ. ಚೀಲದಲ್ಲಿ ಅತ್ತಿ ಕಟ್ಟಿಕೊಟ್ಟ ಬುತ್ತಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಸ್ಟೀಲ್ ಡಬ್ಬಿ. ಕವರ್ ಇಲ್ಲದ ರೀಡರನ್ನು ಅದರ ಪಕ್ಕಕ್ಕೇ ತುರುಕಿದ್ದೆ. ಅಣ್ಣಿಗೇರಿ ದಾಟಿದ ಮೇಲೆ ಓದೋಣ ಅಂತ ತೆಗೆದರೆ ಹೊರಗೆ ಒಂದು ಗೀರೂ ಇಲ್ಲ, ಬೆರಳಾಡಿಸಿದರೆ ನುಣ್ಣಗಿದೆ, ಆದರೆ ಪುಟದ ಮೇಲಿನ ಅರ್ಧ ಹಿಂದೆ ಓದಿದ ಪುಟದಲ್ಲೇ ನಿಂತುಬಿಟ್ಟಿದೆ. ಕೆಳಗಿನ ಅರ್ಧ ಮಾತ್ರ ಮುಂದೆ ಹೋಗುತ್ತದೆ. ನಡುವೆ ಮಿಂಚಿನ ಹಾಗೆ ಒಂದು ಬಿಳಿ ಗೆರೆ. ಡಬ್ಬಿಯ ಅಂಚು ಒತ್ತಿ ಒಳಗಿನ ಗಾಜು ಒಡೆದಿತ್ತು. ರಿಪೇರಿಯವರು ಪರದೆ ಸಿಗುವುದೇ ಕಷ್ಟ, ಸಿಕ್ಕರೂ ಹೊಸದರ ಬೆಲೆಯ ಹತ್ತಿರ ಬರುತ್ತದೆ ಅಂದರು. ಅವತ್ತಿನಿಂದ ಗಟ್ಟಿ ರಟ್ಟಿನ ಕವರ್ ಇಲ್ಲದೆ ರೀಡರ್ ಹೊಸಿಲು ದಾಟುವುದಿಲ್ಲ. ನೀವೂ ರೀಡರ್ ಜೊತೆಗೇ ಕವರ್ ತರಿಸಿ, ಆಮೇಲೆ ನೋಡೋಣ ಅನ್ನಬೇಡಿ.

ಟ್ಯಾಬಿನ ಗಾಜು ಒಡೆದರೆ ಕಣ್ಣಿಗೆ ಕಾಣುತ್ತದೆ, ಊರಲ್ಲೇ ರಿಪೇರಿ ಮಾಡುವವರೂ ಸಿಗುತ್ತಾರೆ. ಇದು ಟ್ಯಾಬಿನ ಕಡೆ ಹಾಕಬೇಕಾದ ಒಂದು ಅಂಕ.

ರಾತ್ರಿ ಮಲಗುವ ಮುಂಚೆ ಓದುತ್ತೇನೆ. ಕಣ್ಣಿಗೆ ಯಾವುದು ಹಿತ?

ಇ-ರೀಡರ್. ನನ್ನ ಅನುಭವ ಒಂದು ಕಡೆ ಇರಲಿ, ಅಮೆರಿಕದ ಬಾಸ್ಟನ್ನಿನ ಸಂಶೋಧಕರು 12 ಜನರನ್ನು ಎರಡು ವಾರ ಒಂದೇ ಕಡೆ ಇಟ್ಟು ಪರೀಕ್ಷೆ ಮಾಡಿ 2014ರ ಕೊನೆಗೆ ವರದಿ ಕೊಟ್ಟರು. ಮಲಗುವ ಮುಂಚೆ ಹೊಳೆಯುವ ಪರದೆಯಲ್ಲಿ ಓದಿದ ದಿನಗಳಲ್ಲಿ ನಿದ್ದೆ ತರುವ ಮೆಲಟೋನಿನ್ ಕಡಿಮೆಯಾಯಿತು, ಕಾಗದದ ಪುಸ್ತಕ ಓದಿದ ದಿನಗಳಿಗಿಂತ ನಿದ್ದೆ ಸುಮಾರು 10 ನಿಮಿಷ ತಡವಾಗಿ ಹತ್ತಿತು. ಆ ಪರೀಕ್ಷೆಯಲ್ಲಿ ಬಳಸಿದ್ದು ಐಪ್ಯಾಡ್, ಅದೂ ಪೂರ್ತಿ ಬೆಳಕಿನಲ್ಲಿ. ಇ-ಇಂಕ್ ಪರದೆ ಕೋಣೆಯ ದೀಪದಲ್ಲೇ ಕಾಣುತ್ತದೆ, ಅದರ ಸ್ವಂತ ದೀಪ ಪೂರ್ತಿ ಆರಿಸಿ ಓದಬಹುದು.

ಟ್ಯಾಬ್ ಒಂದೇ ಇದ್ದರೂ ಹೆದರಬೇಕಿಲ್ಲ. ಬೆಳಕು ತಗ್ಗಿಸಿ, ರಾತ್ರಿಯ ಹಳದಿ ಬೆಳಕು ಹಾಕಿಕೊಳ್ಳಿ, 20 ನಿಮಿಷಕ್ಕೊಮ್ಮೆ 20 ಅಡಿ ದೂರದ ಏನನ್ನಾದರೂ 20 ಸೆಕೆಂಡು ನೋಡಿ. ಕಣ್ಣಿನಲ್ಲಿ ನೀರು, ತಲೆನೋವು ದಿನಾ ಬರುತ್ತಿದ್ದರೆ ಪರದೆಯನ್ನು ಬೈಯುವ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಎಷ್ಟೋ ಸಲ ಚಸ್ಮಾದ ನಂಬರ್ ಬದಲಾಗಿರುತ್ತದೆ.

ಮನೆಯಲ್ಲಿ ವಯಸ್ಸಾದವರಿಗೆ ಯಾವುದು ಕೊಡಿಸಲಿ?

ಟ್ಯಾಬ್, ಅದೂ 10 ಇಂಚಿನದು. ನಮ್ಮ ಅಪ್ಪನಿಗೆ ಮೊದಲು ಇ-ರೀಡರ್ ಕೊಟ್ಟು ನೋಡಿದೆ. ಎರಡು ದಿನ ತಿರುವಿ ಹಾಕಿ, "ಇದರಾಗ ಪೇಪರ್ ಬರಂಗಿಲ್ಲೇನು?" ಅಂದರು. ಈಗ ಬೆಳಿಗ್ಗೆ ಚಹಾ ಕಪ್ಪು ಪಕ್ಕಕ್ಕಿಟ್ಟುಕೊಂಡು ಪಡಸಾಲೆಯಲ್ಲಿ ಕೂತು ಟ್ಯಾಬಿನಲ್ಲಿ ಸಂಯುಕ್ತ ಕರ್ನಾಟಕದ ಇ-ಪೇಪರ್ ತೆರೆಯುತ್ತಾರೆ, ನಿಧನ ವಾರ್ತೆಯ ಮೇಲೆ ಎರಡು ಬೆರಳಿಟ್ಟು ಹಿಗ್ಗಿಸಿ ಓದುತ್ತಾರೆ, ಆಮೇಲೆ ಮಳೆ ಸುದ್ದಿ. ಹಿಗ್ಗಿಸುವ ಈ ಒಂದು ಕೆಲಸ ಇ-ಇಂಕ್‌ನಲ್ಲಿ ತೀರಾ ನಿಧಾನ.

ಅವ್ವನಿಗೆ ಓದಲು ಕಣ್ಣು ಸಾಲುವುದಿಲ್ಲ, ಅವರಿಗೆ ಟ್ಯಾಬೇ ಓದಿ ಹೇಳುತ್ತದೆ. ಆಂಡ್ರಾಯ್ಡ್‌ನಲ್ಲಿ ಗೂಗಲ್‌ನ ಧ್ವನಿ ಕನ್ನಡ ಓದುತ್ತದೆ, ಮೈಲ್ಯಾಂಗ್‌ನಲ್ಲಿ ಕನ್ನಡ ಆಡಿಯೊ ಪುಸ್ತಕಗಳೂ ಇವೆ. ಯಂತ್ರದ ಧ್ವನಿಗೆ ಏರಿಳಿತ ಕಡಿಮೆ, ಮನುಷ್ಯರು ಓದಿದ ಆಡಿಯೊ ಸಿಕ್ಕರೆ ಅದೇ ಹಾಕಿ. ರೊಟ್ಟಿ ಬಡಿಯುತ್ತಾ ಕೇಳುತ್ತಾರೆ, ಸದ್ದಿನಲ್ಲಿ ಒಂದು ಮಾತು ತಪ್ಪಿದರೆ "ಹಿಂದಕ್ಕ ಹಚ್ಚು" ಅಂತ ಕೂಗುತ್ತಾರೆ.

ಮಕ್ಕಳಿಗೆ?

ಶಾಲೆಯ ಮಕ್ಕಳಿಗೆ ಪಾಠಕ್ಕೆ ಟ್ಯಾಬ್ ಬೇಕಾಗುತ್ತದೆ, ನಮ್ಮ ಪಠ್ಯಪುಸ್ತಕಗಳಲ್ಲೇ ದೀಕ್ಷಾ ಆ್ಯಪಿನ ಕ್ಯೂಆರ್ ಕೋಡ್ ಇರುತ್ತದೆ. ಆದರೆ ಟ್ಯಾಬ್ ಮಗುವಿನದಾಗಬಾರದು, ಮನೆಯದಾಗಿರಬೇಕು. ಪಡಸಾಲೆಯಲ್ಲಿ ಇರಲಿ, ರಾತ್ರಿ ದೊಡ್ಡವರ ಕೋಣೆಯಲ್ಲಿ ಚಾರ್ಜ್ ಆಗಲಿ. ಗೂಗಲ್ ಫ್ಯಾಮಿಲಿ ಲಿಂಕ್ ಹಾಕಿ ಸಮಯದ ಮಿತಿ ಇಡಬಹುದು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಇಂಗ್ಲಿಷ್ ಕಥೆ ಓದುವ ಚಟ ಹತ್ತಿದ ಹುಡುಗ ಹುಡುಗಿಗೆ ಮಾತ್ರ ಸಾದಾ ಇ-ರೀಡರ್ ದೊಡ್ಡ ಉಡುಗೊರೆ, ಅದರಲ್ಲಿ ಆಟ ಇಲ್ಲ, ವಿಡಿಯೊ ಇಲ್ಲ, ಓದುವುದು ಬಿಟ್ಟರೆ ಬೇರೆ ಕೆಲಸವೇ ಇಲ್ಲ.

ಎರಡರ ಗುಣವೂ ಇರುವುದು ಯಾವುದಾದರೂ ಇದೆಯಾ?

ಇದೆ. ಓನಿಕ್ಸ್ ಕಂಪನಿಯ ಬೂಕ್ಸ್ ತರಹದ ರೀಡರುಗಳಲ್ಲಿ ಇ-ಇಂಕ್ ಪರದೆ, ಒಳಗೆ ಆಂಡ್ರಾಯ್ಡ್. ಪ್ಲೇ ಸ್ಟೋರಿನಿಂದ ಕನ್ನಡದ ಆ್ಯಪ್‌ಗಳನ್ನು ಹಾಕಿಕೊಳ್ಳಬಹುದು, 10.3 ಇಂಚಿನದು ತಗೊಂಡರೆ ಪಿಡಿಎಫ್ ಕೂಡ ಚೆನ್ನಾಗಿ ಕಾಣುತ್ತದೆ. ಕನ್ನಡವನ್ನೇ ಜಾಸ್ತಿ ಓದುವ, ಕಣ್ಣಿನ ಬಗ್ಗೆಯೂ ಕಾಳಜಿ ಇರುವ, ಕೈಯಲ್ಲಿ ದುಡ್ಡೂ ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಬೆಲೆ ಒಳ್ಳೆಯ ಟ್ಯಾಬಿಗಿಂತ ಜಾಸ್ತಿ. ಬ್ಯಾಟರಿ ಕಿಂಡಲಿನಷ್ಟು ದಿನ ಬರುವುದಿಲ್ಲ, ಹಿಂದೆ ಆ್ಯಪ್‌ಗಳು ಓಡುತ್ತಿರುತ್ತವಲ್ಲ.

ಬಣ್ಣದ ಇ-ರೀಡರ್ ಬಂದಿದೆಯಂತೆ?

ಬಂದಿದೆ. ಕೆಲಿಡೊ 3 ಅನ್ನುವ ಪರದೆಯಲ್ಲಿ ಕಪ್ಪು ಬಿಳುಪು ಒಂದು ಇಂಚಿಗೆ 300 ಚುಕ್ಕಿ, ಬಣ್ಣ 150 ಚುಕ್ಕಿ. ಬಣ್ಣ ದಿನಪತ್ರಿಕೆಯ ಪುರವಣಿಯ ಹಾಗೆ ಮಾಸಲು. ಬರೀ ಅಕ್ಷರ ಓದುವವರಿಗೆ ಬೇಡ.

ಇರುವ ಮೊಬೈಲೇ ಸಾಕಲ್ವಾ?

ದಿನಕ್ಕೆ ಹದಿನೈದು ನಿಮಿಷ ಓದುವವರಿಗೆ ಸಾಕು, ಸುಮ್ನೆ ದುಡ್ಡು ಹಾಕಬೇಡಿ. ಒಂದು ತಿಂಗಳು ಮೊಬೈಲಿನಲ್ಲೇ ಓದಿ ನೋಡಿ. ಒಂದು ಪುಸ್ತಕ ಮುಗಿದರೆ ಆಗ ದೊಡ್ಡ ಪರದೆಯ ಮಾತು ಎತ್ತಿ.

ಟ್ಯಾಬ್ ಕೊಳ್ಳುವಾಗ ಏನೇನು ನೋಡಬೇಕು?

ಕೊಪ್ಪೀಕರ ರಸ್ತೆಯ ಅಂಗಡಿಗಳಿಗೆ ಹೋದರೆ ಟ್ಯಾಬನ್ನು ಕೈಯಲ್ಲಿ ಹಿಡಿದು ನೋಡಲು ಕೊಡುತ್ತಾರೆ, ಆ ಅವಕಾಶ ಬಿಡಬೇಡಿ. ನಿಮ್ಮ ಒಂದು ಪಿಡಿಎಫ್ ಅದರಲ್ಲಿ ತೆರೆದು, ಐದು ನಿಮಿಷ ನಿಂತೇ ಓದಿ. ತೂಕ, ಹೊಳಪು, ಅಕ್ಷರದ ಗಾತ್ರ ಮೂರೂ ಅಲ್ಲೇ ಗೊತ್ತಾಗುತ್ತವೆ. ರ್‍ಯಾಮ್ 4 ಜಿಬಿಗಿಂತ ಕಡಿಮೆ ಬೇಡ, 6 ಇದ್ದರೆ ನೆಮ್ಮದಿ. ಸ್ಕ್ಯಾನ್ ಪುಸ್ತಕಗಳು ಜಾಗ ನುಂಗುತ್ತವೆ, 128 ಜಿಬಿ ತಗೊಳ್ಳಿ, ಇಲ್ಲವೇ ಮೆಮೊರಿ ಕಾರ್ಡ್ ಹಾಕಲು ಬರುತ್ತದಾ ಅಂತ ಕೇಳಿ. ಆಂಡ್ರಾಯ್ಡ್ ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತಾರೆ ಅನ್ನುವುದನ್ನು ಅಂಗಡಿಯವರು ತಾವಾಗಿ ಹೇಳುವುದಿಲ್ಲ, ನೀವೇ ಕೇಳಬೇಕು. ಸಿಮ್ ಇರುವ ಮಾಡೆಲ್ ಓದುವವರಿಗೆ ಬೇಕಿಲ್ಲ, ಮೊಬೈಲಿನ ಹಾಟ್‌ಸ್ಪಾಟ್ ಸಾಕು. ಊರಿಂದೂರಿಗೆ ದಾರಿ ನೋಡಲು ಬಳಸುವವರು ಮಾತ್ರ ಒಂದು ವಿಷಯ ತಿಳಿದಿರಿ: ವೈಫೈ ಮಾತ್ರ ಇರುವ ಐಪ್ಯಾಡಿನಲ್ಲಿ ಜಿಪಿಎಸ್ ಇರುವುದಿಲ್ಲ.

ಕಿಂಡಲಿಗೆ ನನ್ನ ಸ್ವಂತ ಫೈಲು ಹಾಕಬಹುದಾ? ಕೊಂಡ ಪುಸ್ತಕ ನನ್ನದೇ ತಾನೇ?

ಸ್ವಂತ ಫೈಲು ಹಾಕಬಹುದು. "ಸೆಂಡ್ ಟು ಕಿಂಡಲ್" 2022ರಿಂದ ಇ-ಪಬ್ ತಗೊಳ್ಳುತ್ತದೆ. ಇಮೇಲಿನಲ್ಲಿ ಕಳಿಸಿದರೆ 50 ಎಂಬಿ, ವೆಬ್‌ಸೈಟಿನಿಂದ ಕಳಿಸಿದರೆ 200 ಎಂಬಿ ಮಿತಿ.

ಎರಡನೆಯ ಪ್ರಶ್ನೆ ನನ್ನನ್ನೂ ಕಾಡುತ್ತದೆ. ಕಿಂಡಲಿನಲ್ಲಿ ನಾವು ಕೊಳ್ಳುವುದು ಓದುವ ಪರವಾನಗಿ. ಕೊಂಡ ಪುಸ್ತಕದ ಫೈಲನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕೇಬಲಿನಿಂದ ಹಾಕುವ ದಾರಿಯನ್ನು ಅಮೆಜಾನ್ 2025ರ ಫೆಬ್ರುವರಿಯಲ್ಲಿ ಮುಚ್ಚಿತು. ಆ್ಯಪ್‌ಗಳ ಕಥೆಯೂ ಬಹಳ ಬೇರೆ ಇಲ್ಲ, ಖಾತೆ ಇದ್ದರೆ ಪುಸ್ತಕ. ಮನಸ್ಸಿಗೆ ಹತ್ತಿರವಾದ ಪುಸ್ತಕವನ್ನು ನಾನು ಧಾರವಾಡದ ಸುಭಾಸ ರಸ್ತೆಗೆ ಹೋಗಿ ಕಾಗದದಲ್ಲೇ ಕೊಳ್ಳುತ್ತೇನೆ. ಅದನ್ನು ತಂಗಿಗೆ ಕೊಡಬಹುದು, ಅವಳು ವಾಪಸ್ ಕೊಡದಿದ್ದರೆ ಜಗಳವನ್ನೂ ಮಾಡಬಹುದು.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?

ಹೊಸ ಪೇಪರ್‌ವೈಟ್ 2025ರಲ್ಲಿ ಇಲ್ಲಿ ಬಂದಾಗ 16,999 ರೂಪಾಯಿ ಇತ್ತು, ಹಾಗಾಗಿ ಹಳೆಯದನ್ನು ಹುಡುಕುವವರು ಬಹಳ. ಇ-ರೀಡರ್ ಹಳೆಯದಾದರೂ ನಡೆಯುತ್ತದೆ, ಅದರ ಕೆಲಸವೇ ಹಗುರ. ಮೈಕ್ರೊ ಯುಎಸ್‌ಬಿ ಇರುವಷ್ಟು ಹಳೆಯದಾದರೆ ಬೇರೆ ಕೇಬಲ್ ಒಯ್ಯಬೇಕಾಗುತ್ತದೆ, ಅಷ್ಟೇ. ಹಳೆ ಟ್ಯಾಬ್ ಬೇಡ ಅನ್ನುತ್ತೇನೆ. ಅದರ ಆಂಡ್ರಾಯ್ಡ್ ಹಳೆಯದಾದ ಮೇಲೆ ಬ್ಯಾಂಕಿನ ಆ್ಯಪ್ ಮೊದಲು ಕೈ ಕೊಡುತ್ತದೆ, ಆಮೇಲೆ ಓದುವ ಆ್ಯಪ್. ಬೆನ್ನು ಉಬ್ಬಿದ್ದು ಕಂಡರೆ ಒಳಗಿನ ಬ್ಯಾಟರಿ ಊದಿದೆ ಅಂತ ಅರ್ಥ, ಬಿಟ್ಟಿ ಕೊಟ್ಟರೂ ಮನೆಗೆ ತರಬೇಡಿ.

ರೀಡರ್ ಕೈಗೆ ಬಂದಾಗ ಮಾರುವವರ ಎದುರಿಗೇ ಮೂರು ಕೆಲಸ ಮಾಡಿ. ಅವರ ಖಾತೆಯಿಂದ ಅದನ್ನು ತೆಗೆಸಿ, ಇಲ್ಲದಿದ್ದರೆ ನಿಮ್ಮದಾಗುವುದಿಲ್ಲ. ಹತ್ತು ಪುಟ ಬೇಗ ಬೇಗ ತಿರುಗಿಸಿ, ಅಲುಗಾಡದೆ ನಿಂತ ಗೆರೆ ಇದೆಯಾ ನೋಡಿ. ಆಮೇಲೆ ಮೊಬೈಲಿನಲ್ಲಿ ಮೊದಲೇ ಮಾಡಿಟ್ಟುಕೊಂಡ ನಾಲ್ಕು ಪದಗಳ ಫೈಲನ್ನು ಅದಕ್ಕೆ ಕಳಿಸಿ ತೆರೆಯಿರಿ; ಕಿಂಡಲ್ ಆದರೆ ನಿಮ್ಮ ಖಾತೆಗೆ ಸೇರಿಸಿ "ಸೆಂಡ್ ಟು ಕಿಂಡಲ್" ಮೂಲಕವೇ ಕಳಿಸಿ, ಕೇಬಲಿನಿಂದ ಹಾಕಿದ ಇ-ಪಬ್ ಅದರಲ್ಲಿ ತೆರೆಯುವುದಿಲ್ಲ. "ಹುಬ್ಬಳ್ಳಿ" ಸರಿಯಾಗಿ ಕಂಡರೆ ದುಡ್ಡು ಎಣಿಸಿ ಕೊಡಿ.